ಮುಯ್ಯಿ

ಮದುವೆ ಮನೆಯಲ್ಲಿ ಓದಿಸುವುದಕ್ಕೂ ಮುಯ್ಯಿ ಎನ್ನುತ್ತೇವೆ, ಹಗೆ ತೀರಿಸುವುದಕ್ಕೂ ಮುಯ್ಯಿ ಎನ್ನುತ್ತೇವೆ. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಮಾತನ್ನಿಟ್ಟ ಕನ್ನಡಿಗರ ಮನಸ್ಸು ಎಂಥದಿದ್ದೀತೆಂದು ನಾನು ಅನೇಕ ಸಲ ಯೋಚಿಸಿದ್ದುಂಟು. ಉತ್ತರ ದೊರೆತದ್ದು, ಆಶ್ಚರ್ಯವೆಂದರೆ, ಜೀವವಿಕಾಸದ ಗಣಿತದಲ್ಲಿ.

ಪ್ರಾಣಿಗಳು ತಮ್ಮತಮ್ಮಲ್ಲಿ ಕಾದಾಡುವಾಗ ಪ್ರಾಣ ತೆಗೆಯುವವರೆಗೆ ಹೋಗುವುದು ಏಕೆ ಅಪರೂಪ? 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಆಟದ ಗಣಿತವನ್ನು ಈ ಪ್ರಶ್ನೆಗೆ ಹಚ್ಚಿದರು. ಆ ಲೆಕ್ಕದ ಸರಳ ರೂಪದಲ್ಲಿ ಗಿಡುಗದಂತೆ ಕಡೆಯವರೆಗೆ ಹೋರಾಡುವವನೊಬ್ಬ, ಪಾರಿವಾಳದಂತೆ ಹಿಂಜರಿಯುವವನೊಬ್ಬ. ಗೆಲುವಿನ ಲಾಭ 4, ಗಾಯದ ನಷ್ಟ 10 ಎಂದಿಟ್ಟರೆ ಹಿಂಡಿನಲ್ಲಿ ಗಿಡುಗಗಳ ಪಾಲು ನೂರಕ್ಕೆ 40ರಲ್ಲಿ ನಿಲ್ಲುತ್ತದೆ. ಇದಕ್ಕೆ ಬುದ್ಧಿ ಬೇಕಾಗಿಲ್ಲ. ಗೆದ್ದ ಅಂಕವೆಂದರೆ ಸಂತಾನ, ಅಷ್ಟೆ.

1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ವಿದ್ವಾಂಸರಿಂದ ತಂತ್ರಗಳನ್ನು ತರಿಸಿ ಕಂಪ್ಯೂಟರಿನಲ್ಲಿ ಪಂದ್ಯ ಕಟ್ಟಿದರು. ಕೂಡಿ ನಡೆದರೆ ಇಬ್ಬರಿಗೂ ಹಿತ, ಮೋಸ ಮಾಡಿದವನಿಗೆ ಆ ಗಳಿಗೆಗೆ ಹೆಚ್ಚು ಲಾಭ. ಎರಡು ಪಂದ್ಯಗಳಲ್ಲೂ ಗೆದ್ದದ್ದು ಅನಟಾಲ್ ರಾಪೊಪೋರ್ಟ್ ಕಳಿಸಿದ ಬಲು ಸರಳ ತಂತ್ರ: ಮೊದಲು ಒಳ್ಳೆಯವನಾಗಿರು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. ಇದು ನಮ್ಮ ಮುಯ್ಯಿಯಲ್ಲದೆ ಮತ್ತೇನು?

ಆದರೆ ಮುಯ್ಯಿಗೊಂದು ರೋಗವುಂಟು. ಮಂಠಾಳದಂಥ ಊರಿನಲ್ಲಿ ಬದುವಿನ ಜಗಳ ಹೇಗೆ ಹುಟ್ಟುತ್ತದೆ? ನೇಗಿಲೋ ಟ್ರ್ಯಾಕ್ಟರೋ ನಾಲ್ಕು ಬೆರಳು ಆಚೆ ಸರಿಯುತ್ತದೆ, ಬೇಕೆಂದೇ ಅಲ್ಲ. ಪಕ್ಕದ ಹೊಲದ ಕಾಕಾ ಮರುವರ್ಷ ಒಂದು ಗೇಣು ಒತ್ತುತ್ತಾನೆ. ಮುಂದಿನದು ಬಸವಕಲ್ಯಾಣದ ಕೋರ್ಟು. ಮಗನ ಪಾಲಿಗೆ ಹೊಲಕ್ಕಿಂತ ಮೊದಲು ಅಪ್ಪನ ಕೇಸು ಬರುತ್ತದೆ.

ಗಣಿತದಲ್ಲೂ ಹಾಗೆಯೇ. ಒಂದು ತಪ್ಪು ಹೆಜ್ಜೆಯಿಂದ ಇಬ್ಬರು ಮುಯ್ಯಿಗಾರರು ಮುಗಿಯದ ಸೇಡಿಗೆ ಬೀಳುತ್ತಾರೆ. 1992ರಲ್ಲಿ ಮಾರ್ಟಿನ್ ನೊವಾಕ್, ಕಾರ್ಲ್ ಸಿಗ್ಮಂಡ್ ಇಂಥ ತಪ್ಪುಗಳನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ತಲೆಮಾರುಗಳನ್ನು ಓಡಿಸಿದಾಗ ಕಡೆಗೆ ಹರಡಿದ್ದು, ಮೂರು ಮೋಸಗಳಲ್ಲಿ ಸುಮಾರು ಒಂದನ್ನು ಕ್ಷಮಿಸುವ ತಂತ್ರ. ಆದರೆ ಮೋಸಗಾರರ ನಡುವೆ ಈ ಕ್ಷಮಾಶೀಲರು ತಾವಾಗಿ ತಲೆಯೆತ್ತಲಾರರು; ಕಟ್ಟುನಿಟ್ಟಿನ ಮುಯ್ಯಿ ಮೊದಲು ದಾರಿ ಮಾಡಿಕೊಡಬೇಕಾಯಿತು.

‘ಹಾಗಾದರೆ ಕ್ಷಮೆಯೂ ಲಾಭದ ಲೆಕ್ಕವೇ? ಅದನ್ನು ಗುಣವೆಂದು ಏಕೆ ಕರೆಯಬೇಕ್ರೀ?’ ಎಂದು ಬದುವಿನ ಕೇಸುಗಳಲ್ಲೇ ತಲೆ ನರೆತ ವಕೀಲ ಮಿತ್ರರೊಬ್ಬರು ನನ್ನನ್ನು ಕೇಳಿದರು. ನನಗೆ ಹಾಗೆ ಕಾಣುವುದಿಲ್ಲ. ತಾಯಿಯ ಮಮತೆ ವಿಕಾಸದಿಂದ ಬಂದಿತೆಂದು ತಿಳಿದ ಮಾತ್ರಕ್ಕೆ ತಾಯಿ ಲೆಕ್ಕದ ಪುಸ್ತಕ ಇಟ್ಟಿದ್ದಾಳೆಂದು ಆಗದು. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ: ಮೂರರಲ್ಲಿ ಕ್ಷಮಿಸಬೇಕಾದ ಆ ಒಂದು ಯಾವುದು? ತಂತ್ರವು ಅದನ್ನು ಚೀಟಿಯೆತ್ತಿದಂತೆ ಕುರುಡಾಗಿ ಆರಿಸುತ್ತದೆ. ಬದುವಿನ ಮೇಲೆ ನಿಂತ ಮನುಷ್ಯನಾದರೋ, ನೇಗಿಲು ಜಾರಿತೋ ಜರುಗಿಸಿದ್ದೋ ಎಂದು ಕಾಕಾನನ್ನೇ ಕೇಳಬಹುದು.