ಪ್ರಸಾದವೂ ಪಥ್ಯವೂ

ಅಷ್ಟಾವರಣಗಳಲ್ಲಿ ಗೃಹಸ್ಥನಾದ ಭಕ್ತನ ನಿತ್ಯಜೀವನಕ್ಕೆ ಅತ್ಯಂತ ನಿಕಟವಾದುದು ಪ್ರಸಾದ. ಗುರುದರ್ಶನವು ಎಂದೋ ಒಮ್ಮೆ ಲಭಿಸಬಹುದು. ಜಂಗಮಸೇವೆಯ ಅವಕಾಶವು ಪರ್ವದಿನಗಳಲ್ಲಿ ಒದಗಬಹುದು. ಆದರೆ ಹಸಿವು ದಿನವೂ ತಪ್ಪದೆ ಬರುತ್ತದೆ. ಮನುಷ್ಯನೂ ಪಶುವೂ ಸಮಾನವಾಗಿ ನಡೆಸುವ ಈ ಉಣ್ಣುವ ಕ್ರಿಯೆಯನ್ನೇ ಶರಣರು ಸಾಧನೆಯನ್ನಾಗಿ ಪರಿವರ್ತಿಸಿದರು. ಲಿಂಗಕ್ಕೆ ಅರ್ಪಿತವಾಗುವ ಮುನ್ನ ಅದು ಪದಾರ್ಥ. ಅರ್ಪಿತವಾದ ಬಳಿಕ ಪ್ರಸಾದ. ಷಟ್‌ಸ್ಥಲಗಳಲ್ಲಿ ಮೂರನೆಯದಕ್ಕೆ ಪ್ರಸಾದಿಸ್ಥಲವೆಂದೇ ಹೆಸರಿರುವುದು ಈ ತತ್ತ್ವದ ಗೌರವವನ್ನು ಸೂಚಿಸುತ್ತದೆ. ಬಂದ ಪ್ರಸಾದವನ್ನು ಒಲ್ಲೆನೆನ್ನಬಾರದು, ತಟ್ಟೆಯಲ್ಲಿ ಒಂದು ಅಗುಳನ್ನೂ ಉಳಿಸಬಾರದು ಎಂಬ ಸಂಸ್ಕಾರವು ಲಿಂಗಾಯತ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಬರುತ್ತದೆ. ಹೀಗಿರುವಲ್ಲಿ, ಪ್ರಸಾದವಾಗಿ ಬಂದ ಅನ್ನವೇ ಒಂದು ಮಗುವಿನ ದೇಹಕ್ಕೆ ವಿಷಪ್ರಾಯವಾದರೆ ಆ ಮಗುವಿನ ತಾಯಿತಂದೆಯರು ಏನು ಮಾಡಬೇಕು? ಅದನ್ನು ನಿರಾಕರಿಸುವುದು ಭಕ್ತಿಲೋಪವೆ?

ಇದು ಪಂಡಿತರ ಗೋಷ್ಠಿಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಅಡಿಗೆಯ ಮನೆಯಲ್ಲಿ ಹುಟ್ಟಿದುದು. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ಜ್ಞಾನಭಾರತಿಗೂ ಅನತಿದೂರದಲ್ಲಿರುವ ಉಲ್ಲಾಳವು ಒಂದು ಕಾಲಕ್ಕೆ ಕೆರೆಯನ್ನು ಆಶ್ರಯಿಸಿದ ಹಳ್ಳಿ. ಇಂದು ಅದರ ಸುತ್ತ ಬಡಾವಣೆಗಳು ಹಬ್ಬಿವೆ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದ ಮೇಲಂತೂ ನಗರವು ಇನ್ನಷ್ಟು ಹತ್ತಿರವಾಗಿದೆ. ಇಂತಹ ಬಡಾವಣೆಯ ಮೂವತ್ತು ನಲವತ್ತರ ನಿವೇಶನದಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆತಾಯಿಗಳಿಬ್ಬರೂ ದುಡಿಯುವವರು, ಜೊತೆಗೆ ಹಾವೇರಿಯ ಕಡೆಯಿಂದ ಬಂದು ನೆಲೆಸಿದ ಅಜ್ಜಿ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಮನೆಯ ಮೇಲೊಂದು ಅಂತಸ್ತನ್ನು ಎತ್ತಿಸುವ ಕೆಲಸ ನಡೆದಿದೆ. ಭಾನುವಾರಗಳೆಲ್ಲ ಸಿಮೆಂಟು, ಮರಳು, ಹಾಸುಗಲ್ಲುಗಳ ಲೆಕ್ಕದಲ್ಲಿ ಕಳೆಯುತ್ತವೆ. ಮಕ್ಕಳ ಕೈಗೆ ಬಿಸ್ಕತ್ತಿನ ಪೊಟ್ಟಣವು ಬರುತ್ತದೆ. ಈ ನಡುವೆ ಮಗಳು ಬೆಳೆಯುತ್ತಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಪದೇ ಪದೇ ಭೇದಿಯಾಗುತ್ತದೆ, ಮುಖ ಬಿಳಿಚಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರು. ಇಷ್ಟು ಸಾಮಾನ್ಯವಾದ ಬಿಳುಪನ್ನು ಯಾರು ವಿಶೇಷವೆಂದು ಗಮನಿಸಿಯಾರು? ಕೊನೆಗೆ ವೈದ್ಯರು ಪರೀಕ್ಷಿಸಿ ಹೇಳಿದುದು ಸೀಲಿಯಾಕ್ ಎಂಬ ರೋಗ.

ಈ ರೋಗವು ದಕ್ಷಿಣ ಭಾರತದಲ್ಲಿ ಉತ್ತರದಷ್ಟು ವ್ಯಾಪಕವಲ್ಲ. ಆದರೆ ಇಲ್ಲವೇ ಇಲ್ಲವೆಂದಲ್ಲ. ಗೋಧಿ, ಜವೆಗೋಧಿ ಮೊದಲಾದ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಸಸಾರಜನಕವಿರುತ್ತದೆ. ರೋಗವುಳ್ಳವರು ಅದನ್ನು ಉಂಡಾಗ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಆ ಪದರವು ಕೆಟ್ಟಾಗ ಉಂಡ ಅನ್ನದ ಸಾರವು ಮೈಗೆ ಹತ್ತದು. ಕಬ್ಬಿಣ, ಸುಣ್ಣದ ಅಂಶಗಳು ದೇಹಕ್ಕೆ ದಕ್ಕವು. ಮಗು ಉಂಡೂ ಹಸಿದಿರುತ್ತದೆ. ಇದಕ್ಕೆ ಇರುವ ಚಿಕಿತ್ಸೆಯು ಒಂದೇ: ಆ ಧಾನ್ಯಗಳನ್ನು ಜೀವಮಾನವಿಡೀ ವರ್ಜಿಸುವುದು. ಅಲ್ಪಸ್ವಲ್ಪವಾದರೆ ಚಿಂತೆಯಿಲ್ಲ ಎಂಬ ಮಾತು ಇಲ್ಲಿ ಸಲ್ಲದು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದ ಒಂದು ಕಿಲೋಗ್ರಾಮಿನಲ್ಲಿ ಆ ಅಂಶವು 20 ಮಿಲಿಗ್ರಾಮನ್ನು ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ನಿಯಮವು ವಿಧಿಸುತ್ತದೆ. ಒಂದು ತುಣುಕು ಹೋಳಿಗೆಯು ಆ ಮಿತಿಯನ್ನು ಎಷ್ಟೋ ಪಟ್ಟು ಮೀರಿಸುತ್ತದೆ.

ಈ ಕಾರಣವು ತಿಳಿದುಬಂದ ಬಗೆಯೂ ವಿಚಾರಯೋಗ್ಯ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಹಾಲೆಂಡಿನಲ್ಲಿ ಘೋರವಾದ ಕ್ಷಾಮವುಂಟಾಯಿತು; ಬ್ರೆಡ್ಡು ದುರ್ಲಭವಾಯಿತು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯನು ಗೋಧಿಗೂ ಈ ರೋಗಕ್ಕೂ ಸಂಬಂಧವಿದೆಯೆಂದು ಮೊದಲೇ ಶಂಕಿಸಿದ್ದನು. ದೇಶವೆಲ್ಲ ಸೊರಗುತ್ತಿದ್ದಾಗ ಈ ಮಕ್ಕಳು ಚೇತರಿಸಿಕೊಂಡುದನ್ನೂ, ಬ್ರೆಡ್ಡು ಮತ್ತೆ ಬಂದಾಗ ಅವರು ಮರಳಿ ಕುಗ್ಗಿದುದನ್ನೂ ಕಂಡು, 1950ರ ತನ್ನ ಪ್ರಬಂಧದಲ್ಲಿ ಅದನ್ನು ಸಾಧಿಸಿ ತೋರಿಸಿದನು. ಹಸಿದ ಮಕ್ಕಳಿಗೆ ಲೋಕವು ಪ್ರೀತಿಯಿಂದ ನೀಡಿದ ಅನ್ನವೇ ಕೆಲವರನ್ನು ಕೊರೆಯುತ್ತಿತ್ತು. ನೀಡುವ ಕೈಯ ಪ್ರೀತಿಯು ಪದಾರ್ಥದ ಗುಣವನ್ನು ಬದಲಿಸದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಆ ಮನೆಯ ಅಜ್ಜಿಗೆ ಈ ಉತ್ತರವು ಸಾಲದು, ಸಾಲಬೇಕಾಗಿಯೂ ಇಲ್ಲ. ಅವರ ಆಕ್ಷೇಪಣೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಬಸವಜಯಂತಿಯ ದಿನ ಗೋಧಿಹುಗ್ಗಿಯು ಬಂದಿದೆ. ಗುರುಗಳ ಮುಂದೆ ಇಟ್ಟು ತಂದುದು. "ಗುರುವಿನ ಕೈಯಿಂದ ಬಂದುದು ಕೇಡು ಮಾಡೀತೆ? ಒಂದು ಚಿಟಿಕೆಯಷ್ಟನ್ನಾದರೂ ಕೂಸಿನ ಬಾಯಿಗೆ ಇಡಬಾರದೆ?" ಎಂದು ಅವರು ಕೇಳುತ್ತಾರೆ. ಈ ಮಾತಿನ ಹಿಂದಿರುವುದು ಹಟವಲ್ಲ. ಮೊಮ್ಮಗಳು ಕೃಪೆಯಿಂದ ವಂಚಿತಳಾದಾಳೆಂಬ ಭಯ.

ಇದಕ್ಕೆ ಪ್ರಸಾದತತ್ತ್ವದೊಳಗಿಂದಲೇ ಸಮಾಧಾನವನ್ನು ಹುಡುಕಬೇಕು. ಅರ್ಪಣೆಯಿಂದ ಆಗುವ ಪರಿವರ್ತನೆಯು ಯಾವುದರಲ್ಲಿ? ಅನ್ನದ ಧಾತುಗಳಲ್ಲಿಯೆ, ಉಣ್ಣುವವನ ಭಾವದಲ್ಲಿಯೆ? ಶುದ್ಧಪ್ರಸಾದ, ಸಿದ್ಧಪ್ರಸಾದ, ಪ್ರಸಿದ್ಧಪ್ರಸಾದಗಳೆಂದು ಅದನ್ನು ವಿಂಗಡಿಸಿ ಗುರು, ಲಿಂಗ, ಜಂಗಮರಿಗೆ ಸಂಬಂಧಿಸಿ ಹೇಳಿರುವುದು ಅಡಿಗೆಯ ವಸ್ತುಗಳ ವಿಂಗಡಣೆಯಲ್ಲ. ತನುವಿನ, ಮನದ, ಭಾವದ ಅಹಂಕಾರಗಳು ಕಳೆದು ಎಲ್ಲವೂ ಲಿಂಗಮುಖವಾಗುವ ಕ್ರಮವದು. 'ನನ್ನದು' ಎಂಬುದು ಅಳಿದು 'ಅವನದು' ಎಂಬುದು ಉಳಿದಾಗ ಪದಾರ್ಥವು ಪ್ರಸಾದವಾಗುತ್ತದೆ. ಹಾಗಾದರೆ ರಾಗಿಯ ಅಂಬಲಿಯನ್ನು ಅರ್ಪಿಸಿ ಮಗುವಿಗೆ ಕುಡಿಸಿದಾಗ ಅದರಲ್ಲಿ ಪ್ರಸಾದತ್ವಕ್ಕೆ ಯಾವ ಕೊರತೆಯಿದೆ? ಕೃಪೆಯು ಗೋಧಿಯನ್ನೇ ಆಶ್ರಯಿಸಿರುವುದೆಂದು ಭಾವಿಸುವುದು ಕೃಪೆಯನ್ನು ಕಿರಿದುಗೊಳಿಸಿದಂತೆ. ಮತ್ತೂ ಒಂದು ಮಾತು: ಶರಣಧರ್ಮದಲ್ಲಿ ದೇಹವು ತುಚ್ಛವಾದುದಲ್ಲ, ಲಿಂಗವು ನೆಲೆಸಿದ ಅಂಗವದು. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದ ಮಗುವಿನ ದೇಹವನ್ನು ಬಲ್ಲವರೇ ಕೆಡಿಸಿದರೆ, ಅದು ಲಿಂಗವು ನೆಲೆಸಿದ ಮನೆಯನ್ನು ಲಿಂಗದ ಹೆಸರಿನಲ್ಲೇ ಕೆಡವಿದಂತಾಗದೆ?

ಒಲ್ಲೆನೆನ್ನುವುದೂ ಭಕ್ತಿಯಾಗಬಹುದೆಂಬುದಕ್ಕೆ ಶರಣಚರಿತ್ರೆಯಲ್ಲಿಯೇ ಪ್ರಸಿದ್ಧ ದೃಷ್ಟಾಂತವಿದೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮನು ಅದನ್ನು ಸಂತೋಷದಿಂದ ಪಾತ್ರೆಗೆ ಸುರಿಯಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಹಾಕಿ ಬರುವಂತೆ ಕಳುಹಿದಳು. ಆ ಅಕ್ಕಿಯು ಬಸವಣ್ಣನವರ ಮಹಾಮನೆಯ ಅಂಗಳದ್ದೇ ಆಗಿದ್ದಿತು. ಆದರೂ ಆಕೆ ಕೇಳಿಕೊಂಡುದು 'ಇದು ಎಲ್ಲಿಂದ ಬಂದಿತು' ಎಂದಲ್ಲ, 'ಇದು ನಮಗೆ ಸಲ್ಲುವುದೆ' ಎಂದು. ಉಲ್ಲಾಳದ ತಾಯಿಯು ಹುಗ್ಗಿಯ ಬಟ್ಟಲನ್ನು ಕಣ್ಣಿಗೊತ್ತಿಕೊಂಡು, ತಾನು ಸ್ವೀಕರಿಸಿ, ಮಗಳ ಬಾಯಿಂದ ದೂರವಿರಿಸಿದಾಗ ಆಕೆಯೂ ಅದೇ ಪ್ರಶ್ನೆಯನ್ನು ಕೇಳಿಕೊಂಡಿರುತ್ತಾಳೆ.

ಇನ್ನು ಎರಡನೆಯ ಆಕ್ಷೇಪಣೆ. ಇದು ಮೊದಲನೆಯದಕ್ಕಿಂತ ಕಠಿನವಾದುದು. ಈ ಮಗುವಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಕಾವಲಿ ಬೇಕು. ಬೇರೆ ಪಾತ್ರೆಯೆಂಬ ಮಾತು ಈ ನಾಡಿನಲ್ಲಿ ಎಷ್ಟು ಜನರ ಎದೆಯನ್ನು ಸುಟ್ಟಿದೆ! ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮವರೆಂದು ಎತ್ತಿ ಹಿಡಿದು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಶರಣರು ಮುರಿದುದೇ ಈ ಬೇರೆತನವನ್ನು. ಅವರ ಹೆಸರನ್ನು ಹೇಳುವ ಮನೆಯಲ್ಲಿ ಮತ್ತೆ ಒಂದು ಬೇರೆ ತಟ್ಟೆಯನ್ನು ಇಡಬಹುದೆ?

ದೂರವಿರಿಸಲು ಬೇರೆ ಮಾಡುವುದು ಒಂದು. ಜೊತೆಯಲ್ಲಿ ಕುಳ್ಳಿರಿಸಿಕೊಳ್ಳಲು ಬೇರೆ ಮಾಡುವುದು ಮತ್ತೊಂದು. ಎರಡನ್ನೂ ಗುರುತಿಸಲು ಒರೆಗಲ್ಲೊಂದಿದೆ: ಆ ಬೇರೆತನದ ಭಾರವನ್ನು ಹೊರುವವರು ಯಾರು? ಅಸ್ಪೃಶ್ಯತೆಯಲ್ಲಿ ಅದನ್ನು ಬಲವಿಲ್ಲದವನು ಹೊರುತ್ತಾನೆ. ಅವನ ಪಾತ್ರೆಯನ್ನು ಅವನೇ ಬೆಳಗಬೇಕು, ಅವನೇ ದೂರ ಸರಿಯಬೇಕು. ಇಲ್ಲಿ ಭಾರವು ಬಲವುಳ್ಳವರದು. ದೊಡ್ಡವರು ತಮ್ಮ ರುಚಿಯನ್ನೂ ಅಭ್ಯಾಸವನ್ನೂ ಬಿಟ್ಟು ಚಿಕ್ಕವಳಿಗೆ ಎಡೆ ಮಾಡಿಕೊಡಬೇಕು. ಆದರೆ ಇಷ್ಟು ಹೇಳಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಾಲ್ಕು ವರ್ಷದ ಮಗುವಿಗೆ ಉದ್ದೇಶದ ಭೇದವು ತಿಳಿಯದು. ಎಲ್ಲರ ತಟ್ಟೆಯಲ್ಲಿ ಹೋಳಿಗೆಯಿದೆ, ತನ್ನ ತಟ್ಟೆಯಲ್ಲಿಲ್ಲ ಎಂಬುದಷ್ಟೇ ಅದರ ಕಣ್ಣಿಗೆ ಕಾಣುವುದು. ಆದುದರಿಂದ ಸದುದ್ದೇಶವು ಸಾಲದು, ಆಚರಣೆಯೂ ಬೇಕು. ಅಣ್ಣನೂ ತಂಗಿಯೂ ಒಂದೇ ಅಡಿಗೆಯನ್ನು ಉಣ್ಣುವಂತಹ ಮನೆಯನ್ನು ಕಟ್ಟಬೇಕು.

ಅದು ಅಸಾಧ್ಯವಾದುದೇನೂ ಅಲ್ಲ. ರಾಗಿ, ಜೋಳ, ಅಕ್ಕಿ, ನವಣೆ, ಸಜ್ಜೆಗಳಲ್ಲಿ ಗ್ಲುಟೆನ್ ಇಲ್ಲ. ಬೆಂಗಳೂರಿನ ಸುತ್ತಣ ಹೊಲಗಳು ತಲೆಮಾರುಗಳಿಂದ ಬೆಳೆದುದು ರಾಗಿಯನ್ನು. ಅಜ್ಜಿಯ ಹಾವೇರಿಯ ಕಡೆ ಉಂಡುದು ಜೋಳದ ರೊಟ್ಟಿಯನ್ನು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮನ್ನೂ ಮುಟ್ಟದು. ಆ ಮಗುವಿಗೆ ಬೇಕಾದುದು ಪರದೇಶದಿಂದ ಬರುವ ಪೊಟ್ಟಣವಲ್ಲ, ಹಿರಿಯರು ಮರೆತ ಬುತ್ತಿ. ಕಷ್ಟವಿರುವುದು ಎಚ್ಚರದಲ್ಲಿ. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಗೋಧಿಯನ್ನು ಬೀಸಿದ ಕಲ್ಲಿನಲ್ಲೇ ರಾಗಿಯನ್ನೂ ಬೀಸುತ್ತಾರೆ. ಹಿಂದಿನವರ ಗೋಧಿಯು ಮುಂದಿನವರ ರಾಗಿಯೊಳಗೆ ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲಿ ಹಲವು ವೇಳೆ ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಒಂದು ಒಗ್ಗರಣೆಯಿಂದ ಸಾರೆಲ್ಲವೂ ವರ್ಜ್ಯವಾಗುತ್ತದೆ. ಮರದ ಲಟ್ಟಣಿಗೆಯ ಬಿರುಕಿನಲ್ಲಿ ನಿನ್ನೆಯ ಚಪಾತಿಯ ಹಿಟ್ಟು ಕುಳಿತಿರುತ್ತದೆ.

ಆದುದರಿಂದ ಮೇಲಂತಸ್ತಿಗೆಂದು ತೆಗೆದಿರಿಸಿದ ಹಣದಲ್ಲಿ ಒಂದು ಪಾಲು ಕೆಳಗಣ ಅಡಿಗೆಯ ಮನೆಗೆ ಸಲ್ಲುವುದು ನ್ಯಾಯ. ಹಳೆಯ ಕಟ್ಟೆಯನ್ನು ತೊಳೆದು, ಹೊಸ ಹಲಗೆಗಳನ್ನು ಹೊಡೆದು, ಮುಚ್ಚಳದ ಡಬ್ಬಿಗಳನ್ನು ಮೇಲಿನ ಸಾಲಿನಲ್ಲಿರಿಸಿ, ಚಿಕ್ಕದೊಂದು ಮನೆಬಳಕೆಯ ಗಿರಣಿಯನ್ನು ತಂದುಕೊಂಡರೆ ಅರ್ಧ ಭಯವು ಕಳೆಯುತ್ತದೆ. ಏಳು ವರ್ಷದ ಮಗನೂ ಡಬ್ಬಿಗಳಿಗೆ ಹೆಸರು ಬರೆದು ಅಂಟಿಸಬಲ್ಲ. ಅಜ್ಜಿಯು ರಾಗಿಯನ್ನು ಕೇರಿ ಹಸನು ಮಾಡಬಲ್ಲರು. ಗೋಡೆಯನ್ನೆತ್ತುವುದರಿಂದ ಮನೆಯು ಎತ್ತರವಾಗುತ್ತದೆ. ಮನೆಯವರೆಲ್ಲರೂ ಒಂದು ಮಗುವಿಗಾಗಿ ಕೈಗೂಡಿಸುವುದರಿಂದ ಅದು ಮನೆಯಾಗುತ್ತದೆ. ಇದರಿಂದ ಪೂಜೆಯ ಸಮಯವು ಕಳೆಯಿತಲ್ಲಾ ಎಂದು ತಾಯಿಯು ಕೊರಗಬೇಕಾಗಿಲ್ಲ. ಹಗ್ಗವನ್ನು ಹೊಸೆಯುವ ಕಾಯಕವನ್ನು ಲಿಂಗಪೂಜೆಗಿಂತ ಕಡಿಮೆಯೆಂದು ಎಣಿಸದ ನುಲಿಯ ಚಂದಯ್ಯನ ಪರಂಪರೆಯಲ್ಲಿ, ಅವಧಾನದಿಂದ ಬೀಸಿ ಬೇಯಿಸಿದ ಒಂದು ಮುದ್ದೆಯು ಪೂಜೆಯ ಹೊರಗಿನದಲ್ಲ.

ಆದರೆ ವಿವೇಕದ ಕತ್ತಿಗೆ ಎರಡು ಅಲಗು. ನಿಜವಾದ ರೋಗವಿಲ್ಲದೆಯೂ, ಕೇವಲ ನಾಗರಿಕತೆಯ ಷೋಕಿಗಾಗಿ ಇಂದು ಗೋಧಿಯನ್ನೂ ನಾಳೆ ಅಕ್ಕಿಯನ್ನೂ ಬಿಡುವವರಿದ್ದಾರೆ. ಪಂಕ್ತಿಯಲ್ಲಿ ಕುಳಿತು ಮೂಗು ಮುರಿಯುವವರಿದ್ದಾರೆ. ಅಂತಹ ನಿರಾಕರಣೆಯು ಪಥ್ಯವಲ್ಲ, ನಾಲಗೆಯ ಅಹಂಕಾರ. ಇದರಿಂದ ದೊಡ್ಡ ಕೇಡಾಗುವುದು ನಿಜವಾದ ರೋಗಿಗೇ. ಷೋಕಿಯವರ ನಡುವೆ ಅವನ ಮಾತನ್ನೂ ಯಾರೂ ನಂಬರು. ಸಂದೇಹ ಬಂದವರು ತಾವಾಗಿಯೇ ಗೋಧಿಯನ್ನು ಬಿಡದೆ ಮೊದಲು ವೈದ್ಯರ ಬಳಿಗೆ ಹೋಗಬೇಕು. ರಕ್ತಪರೀಕ್ಷೆಗೂ ಕರುಳಿನ ಪರೀಕ್ಷೆಗೂ ಮೊದಲೇ ಅದನ್ನು ಬಿಟ್ಟರೆ ರೋಗವಿದ್ದರೂ ಪರೀಕ್ಷೆಯಲ್ಲಿ ತೋರದೆ ಹೋಗಬಹುದು. ಅರಿತು ಬಿಡುವುದು ನಿಯಮ. ಅರಿಯದೆ ಬಿಡುವುದು ಚಪಲ.

ಹಾಗೆಯೇ ಮಗುವಿನ ಎದುರಿನಲ್ಲಿ ಹಿಂದಿನ ಕರ್ಮವೆಂದೋ ಶಾಪವೆಂದೋ ನಿಡುಸುಯ್ಯುವುದನ್ನು ಬಿಡಬೇಕು. ಕದ್ದು ಒಂದು ಚೂರು ತಿನಿಸಿ 'ಏನೂ ಆಗಲಿಲ್ಲ ನೋಡಿ' ಎನ್ನುವ ನಂಟರ ವಾತ್ಸಲ್ಯವನ್ನು ಮೃದುವಾಗಿ, ಆದರೆ ದೃಢವಾಗಿ ತಡೆಯಬೇಕು. ಕರುಳಿನ ಹಾನಿಯು ಆ ಕ್ಷಣವೇ ಕಣ್ಣಿಗೆ ಕಾಣುವುದಲ್ಲ. ಮಗುವಿಗೆ ಕಲಿಸಬೇಕಾದುದು ಇಷ್ಟು: ಪ್ರಸಾದ ಬಂದಾಗ ಕೈಮುಗಿ, ಕಣ್ಣಿಗೊತ್ತಿಕೋ, ಬಳಿಕ ತಾಯಿಗೆ ಕೊಡು. 'ನನಗೆ ಸಲ್ಲದು, ಶರಣು' ಎಂದು ಹೇಳಬಲ್ಲ ಮಗುವು ಭಕ್ತಿಯನ್ನೂ ಸತ್ಯವನ್ನೂ ಒಟ್ಟಿಗೆ ಕಲಿಯುತ್ತದೆ.

ದಾಸೋಹವನ್ನು ನಡೆಸುವವರ ಹೊಣೆಯೂ ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ನಿತ್ಯವೂ ರಾಗಿಮುದ್ದೆಯನ್ನು ಉಂಡು ಬೆಳೆಯುತ್ತಿದ್ದಾರೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳು ನೂರಾಹನ್ನೊಂದು ವರ್ಷ ಬಾಳಿದವರು. ಇತರರಿಗೆ ಧಾರಾಳವಾಗಿ ಬಡಿಸಿ, ತಮ್ಮ ಆಹಾರದಲ್ಲಿ ಅತ್ಯಂತ ಮಿತವಾಗಿದ್ದವರು. ದಾಸೋಹವೂ ಪಥ್ಯವೂ ಒಂದೇ ಬದುಕಿನಲ್ಲಿ ವಿರೋಧವಿಲ್ಲದೆ ಇರಬಲ್ಲವೆಂಬುದನ್ನು ಲೋಕವು ಕಣ್ಣಾರೆ ಕಂಡಿದೆ. ಪ್ರತಿಯೊಂದು ಪಂಕ್ತಿಯಲ್ಲಿಯೂ ಮಧುಮೇಹದ ಹಿರಿಯರು ಇರುತ್ತಾರೆ, ಒಗ್ಗದ ಆಹಾರವುಳ್ಳ ಮಕ್ಕಳು ಇರುತ್ತಾರೆ. ಎಲ್ಲರೂ ಉಣ್ಣಬಲ್ಲ ಒಂದು ಪದಾರ್ಥವನ್ನು, ಅಕ್ಕಿಯ ಪಾಯಸವನ್ನೋ ರಾಗಿಯ ಮುದ್ದೆಯನ್ನೋ, ಬೇರೆ ಸೌಟಿನಿಂದ ಮೊದಲು ಬಡಿಸುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಬಡಿಸುವ ಮುನ್ನ 'ನಿಮಗೆ ಇದು ಒಗ್ಗುವುದೆ?' ಎಂದು ಕೇಳುವುದರಿಂದ ದಾಸೋಹಕ್ಕೆ ಕುಂದಿಲ್ಲ. ಬಂದವರ ಹಸಿವನ್ನು ಮಾತ್ರ ಕಂಡವನು ಅನ್ನವನ್ನು ನೀಡುತ್ತಾನೆ. ಬಂದವರನ್ನೇ ಕಂಡವನು ದಾಸೋಹವನ್ನು ಮಾಡುತ್ತಾನೆ.

ಪ್ರಸಾದವು ಪ್ರಸನ್ನತೆಯ ಕುರುಹು. ಯಾವ ಅನ್ನವು ಒಂದು ಜೀವವನ್ನು ಕೊರಗಿಸುವುದೋ ಅದನ್ನು ಅರಿತೂ ಆ ಜೀವಕ್ಕೆ ಉಣಿಸಿದವರ ಮೇಲೆ ಪ್ರಸನ್ನತೆಯು ಹೇಗೆ ನೆಲೆಸೀತು? ಹುಗ್ಗಿಯ ಬಟ್ಟಲನ್ನು ಅಜ್ಜಿಯು ತಾವೇ ಸ್ವೀಕರಿಸಲಿ. ತಮ್ಮ ಕೈಯಾರೆ ಹಸನು ಮಾಡಿದ ರಾಗಿಯ ಅಂಬಲಿಯನ್ನು ಲಿಂಗಕ್ಕೆ ಅರ್ಪಿಸಿ ಮೊಮ್ಮಗಳಿಗೆ ಕುಡಿಸಲಿ. ಎರಡೂ ಪ್ರಸಾದವೇ. ಎರಡನೆಯದರಲ್ಲಿ ಅರಿವಿನ ಕಾಯಕವೂ ಬೆರೆತಿದೆ.