ಮಲಗುವ ಕೋಣೆಗೂ ಒಂದು ಕಿರುಗೋಡೆ



ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕಿರುಗೋಡೆ ಕಟ್ಟಬೇಕು. ಕಟ್ಟದೆ ಬಿಟ್ಟು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ಮನೆಯವರೇ ಹೊಣೆ ಎಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯ ವಿಧಿಸುತ್ತದೆ. ಇಸ್ರಯೇಲರ ಮನೆಗಳ ಮಾಳಿಗೆ ಸಮತಟ್ಟಾಗಿತ್ತು. ಜನರು ಸಂಜೆ ಅಲ್ಲಿ ಕೂರುತ್ತಿದ್ದರು, ರಾತ್ರಿ ಅಲ್ಲಿಯೇ ಮಲಗುವುದೂ ಇತ್ತು. ಬಲಿ, ಹಬ್ಬ, ಆರಾಧನೆಗಳಿಗೆ ನಿಯಮ ಕೊಟ್ಟ ದೇವರೇ ಮನೆಮಂದಿ ಮಲಗುವ ಜಾಗದ ಗೋಡೆಗೂ ನಿಯಮ ಕೊಟ್ಟರು. ಎಚ್ಚರಿಕೆಯೂ ಭಕ್ತಿಯ ಒಂದು ಭಾಗ ಎಂಬುದು ಇದರಿಂದ ಸ್ಪಷ್ಟ.

ಆದರೆ ನಾವೇನು ಮಾಡುತ್ತೇವೆ? ಜಪಸರ ಮುಗಿಸಿ, ಮಕ್ಕಳ ಹಣೆಗೆ ಶಿಲುಬೆಯ ಗುರುತು ಹಾಕಿ, “ಇನ್ನು ಕಾವಲು ದೂತರು ನೋಡಿಕೊಳ್ಳುತ್ತಾರೆ” ಎಂದು ನಿಶ್ಚಿಂತೆಯಿಂದ ಮಲಗಿಬಿಡುತ್ತೇವೆ. ದೇವಾಲಯದ ಶಿಖರದಲ್ಲಿ ಸೈತಾನನು ಪ್ರಭು ಯೇಸುವಿಗೆ ಹೇಳಿದ್ದೂ ಇಂಥದ್ದೇ. ದೂತರು ಕಾಯುತ್ತಾರೆಂಬ ಕೀರ್ತನೆಯ ಮಾತನ್ನೇ ಎತ್ತಿ ತೋರಿಸಿ, ಕೆಳಗೆ ಧುಮುಕು ಎಂದನು. ಪ್ರಭು ಒಪ್ಪಲಿಲ್ಲ. ದೇವರನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ.

ಆದ್ದರಿಂದ ಇಂದು ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಕೋಣೆಯ ಸುತ್ತ ಒಮ್ಮೆ ನೋಡಿರಿ. ಪೀಠದ ಮುಂದಿನ ಮೇಣದಬತ್ತಿ ಆರಿದೆಯೇ? ಸೊಳ್ಳೆ ಬತ್ತಿ ಹಾಸಿಗೆಯ ಅಂಚಿಗೆ ತಾಗುವಂತಿದೆಯೇ? ಅಜ್ಜ ಅಜ್ಜಿಯರ ಮಾತ್ರೆಗಳು ದಿಂಬಿನ ಬಳಿ ಇವೆಯೇ? ಮಗುವಿಗೆ ಅವು ಪೆಪ್ಪರಮೆಂಟಿನಂತೆಯೇ ಕಾಣುತ್ತವೆ. ಕಿಟಕಿಗೆ ತಾಗಿ ಮಂಚ ಹಾಕಿದ್ದರೆ ಮಗು ಮಂಚದಿಂದ ಕಿಟಕಿಗೆ ಹತ್ತೀತು. ಬಟ್ಟೆಯ ಕಪಾಟನ್ನು ಗೋಡೆಗೆ ಬಿಗಿಯಿರಿ. ತೆರೆದ ಖಾನೆಗಳನ್ನು ಮೆಟ್ಟಿಲೆಂದು ಮಗು ಹತ್ತಿದರೆ ಕಪಾಟೇ ಮೈಮೇಲೆ ಬೀಳುತ್ತದೆ. ಕೊಡಗು, ಚಿಕ್ಕಮಗಳೂರಿನ ಚಳಿಯಲ್ಲಿ ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿ ಮಲಗಬೇಡಿರಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ.

ಹಸುಳೆಯನ್ನು ಬೆನ್ನಿನ ಮೇಲೆ ಅಂಗಾತ ಮಲಗಿಸಿರಿ. ಹಾಸಿಗೆ ಗಟ್ಟಿಯಾಗಿರಲಿ, ದಿಂಬು, ದಪ್ಪ ಹೊದಿಕೆ ಮುಖದ ಬಳಿ ಬೇಡ. ಅಮೆರಿಕದಲ್ಲಿ 1992ರಲ್ಲಿ ಮಕ್ಕಳ ವೈದ್ಯರು ಈ ಸಲಹೆ ಕೊಟ್ಟರು, 1994ರಲ್ಲಿ ಅದನ್ನು ಮನೆಮನೆಗೂ ಸಾರಲಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹಸುಳೆಗಳು ನಿದ್ರೆಯಲ್ಲೇ ಕಾರಣ ತಿಳಿಯದೆ ಸಾಯುವುದು ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಮಗುವನ್ನು ಮಲಗಿಸುವ ರೀತಿಯೊಂದೇ ಎಷ್ಟೋ ತಾಯಂದಿರ ಕಣ್ಣೀರು ತಪ್ಪಿಸಿತು.

ಇನ್ನೊಂದು ಅಪಾಯವಿದೆ. ಅದನ್ನು ಹೇಳಲು ನಾಚುತ್ತೇವೆ, ಆದರೆ ಹೇಳಲೇಬೇಕು. ಭಾರತ ಸರ್ಕಾರವು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿರುವವರು. ಹಬ್ಬಕ್ಕೆ, ಮದುವೆಗೆ ಮನೆ ತುಂಬಿದಾಗ ಯಾರು ಎಲ್ಲಿ ಮಲಗುತ್ತಾರೆಂಬುದನ್ನು ತಂದೆತಾಯಿಯೇ ನಿರ್ಧರಿಸಲಿ. “ಅವರ ಹತ್ತಿರ ಮಲಗುವುದಿಲ್ಲ” ಎಂದು ಮಗು ಅತ್ತರೆ ಗದರಿಸಬೇಡಿರಿ, ಹತ್ತಿರ ಕರೆದು ಕೇಳಿರಿ. ಹೇಳಿದ್ದನ್ನು ನಂಬಿರಿ. ಮನೆತನದ ಮರ್ಯಾದೆಗಿಂತ, ಬಂಧುವಿನ ಮುಖಕ್ಕಿಂತ, ಯಾವುದೇ ಗುರುವಿನ ಅಥವಾ ಉಪದೇಶಿಯ ಗೌರವಕ್ಕಿಂತ ಆ ಮಗು ದೊಡ್ಡದು. ಇಂಥದ್ದು ತಿಳಿದೂ ಮುಚ್ಚಿಡುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಕ್ಕಳಿಗೂ ಅದನ್ನು ಕಲಿಸಿರಿ.

ಸಂತ ಜೋಸೆಫರನ್ನು ನೆನೆಯೋಣ. ಹೆರೋದನು ಬಾಲಯೇಸುವನ್ನು ಕೊಲ್ಲಲಿದ್ದಾನೆಂದು ದೇವದೂತನು ಕನಸಿನಲ್ಲಿ ತಿಳಿಸಿದಾಗ, ದೇವಪುತ್ರನಿಗೆ ಏನೂ ಆಗದೆಂದು ಅವರು ಮಗ್ಗುಲು ಬದಲಿಸಿ ಮಲಗಲಿಲ್ಲ. ಆ ರಾತ್ರಿಯೇ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ದೂತನು ಎಚ್ಚರಿಸಿದನು, ಏಳಬೇಕಾದವರು ಜೋಸೆಫರೇ ಆಗಿದ್ದರು.

ನಮ್ಮ ಮಕ್ಕಳನ್ನೂ ದೇವರು ನಮ್ಮ ಕೈಗೇ ಒಪ್ಪಿಸಿದ್ದಾರೆ. ಎದ್ದು ನೋಡುವ ಮನಸ್ಸನ್ನು ಪವಿತ್ರ ಕುಟುಂಬದ ಪಾಲಕರಾದ ಸಂತ ಜೋಸೆಫರು ಪ್ರತಿಯೊಬ್ಬ ತಂದೆತಾಯಿಗೂ ಬೇಡಿ ಕೊಡಿಸಲಿ. ಆಮೆನ್.