ಬೆಟ್ಟಗಳು ಕದಲಿದಾಗ

ಈಸೂರಿನಲ್ಲಿ ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಯೆಶಾಯ 54:10, ಕೀರ್ತನೆ 121, ಲೂಕ 13:1-5

ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಹಿಂದೆ ಶೀಟು ಸೋರೋ ಕಡೆ ಕೂತವರು ಸ್ವಲ್ಪ ಮುಂದೆ ಬನ್ನಿ, ಜಾಗ ಇದೆ.

ಎಲ್ಲರೂ ಯೆಶಾಯನ ಗ್ರಂಥ 54ನೇ ಅಧ್ಯಾಯ ತೆಗೆಯಿರಿ, ಹತ್ತನೇ ವಚನ. ಯಾರಾದರೂ ಗಟ್ಟಿಯಾಗಿ ಓದಿ. ಸ್ತೋತ್ರ. ಕೇಳಿಸಿಕೊಂಡಿರಲ್ಲ? ಬೆಟ್ಟಗಳು ಜಾಗ ಬಿಟ್ಟು ಹೋಗಬಹುದು, ಗುಡ್ಡಗಳು ಅಲುಗಬಹುದು, ಆದರೆ ದೇವರ ಕೃಪೆ ನಿನ್ನನ್ನು ಬಿಟ್ಟು ಹೋಗೋದಿಲ್ಲ ಅಂತ ಅಲ್ಲಿ ಬರೆದಿದೆ. ಈ ವಚನವನ್ನು ನಾವು ಎಷ್ಟೋ ಸಲ ಕ್ಯಾಲೆಂಡರಿನಲ್ಲಿ ನೋಡಿದ್ದೀವಿ. ಹಿಂದೆ ಒಂದು ಹಸಿರು ಬೆಟ್ಟದ ಫೋಟೋ, ಅದರ ಮೇಲೆ ವಚನ. ಆ ಫೋಟೋದಲ್ಲಿರೋ ಬೆಟ್ಟ ಎಂದಾದರೂ ಕದಲುತ್ತೆ ಅಂತ ನಮಗೆ ಅನ್ನಿಸಿರಲಿಲ್ಲ. "ಬೆಟ್ಟ ಕದಲಿದರೂ" ಅನ್ನೋದನ್ನ ಸುಮ್ಮನೆ ಮಾತಿಗೆ ಹೇಳಿದ್ದು ಅಂದುಕೊಂಡು ಮುಂದಿನ ಅರ್ಧಕ್ಕೆ ಆಮೆನ್ ಹೇಳಿದ್ವಿ. ಇವತ್ತು ಮೊದಲನೇ ಅರ್ಧದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ಯೌವನಸ್ಥರು ಕಳೆದ ತಿಂಗಳು ಜೋಗಕ್ಕೂ ಯಾಣಕ್ಕೂ ಹೋಗಿಬಂದರು. ಸೊರಬ, ಸಿದ್ದಾಪುರದ ಮೇಲೆ ಹೋದರೆ ನಮಗೆ ಜೋಗ ದೂರವೇನಲ್ಲ. ಶರಾವತಿ 253 ಮೀಟರ್ ಕೆಳಗೆ ಬೀಳೋದು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕು ಧಾರೆ. ಫೋಟೋ ತೋರಿಸುವಾಗ ಒಬ್ಬ ತಮ್ಮ ಅಂದ, "ಪಾಸ್ಟರ್, ಅಲ್ಲಿ ನಿಂತಾಗ ಬಾಯಿಂದ ಮಾತೇ ಬರಲಿಲ್ಲ." ಅದು ಒಳ್ಳೇದು. ದೇವರ ಕೈಕೆಲಸದ ಮುಂದೆ ಮನುಷ್ಯ ಸ್ವಲ್ಪ ಹೊತ್ತು ಬಾಯಿ ಮುಚ್ಚಬೇಕು. ಯೋಬನ ಗ್ರಂಥದ 38ನೇ ಅಧ್ಯಾಯದಲ್ಲಿ ದೇವರು ಯೋಬನನ್ನು ಅಲ್ಲಿಗೇ ತಂದು ನಿಲ್ಲಿಸ್ತಾನೆ: ಭೂಮಿಗೆ ತಳಪಾಯ ಹಾಕಿದಾಗ ನೀನು ಎಲ್ಲಿದ್ದೆ ಅಂತ ಕೇಳ್ತಾನೆ.

ಯಾಣದಲ್ಲಿ ಕಾಡಿನ ಮಧ್ಯೆ ಎದ್ದು ನಿಂತಿರೋದು ಕಪ್ಪು ಸುಣ್ಣಕಲ್ಲಿನ ಎರಡು ಶಿಖರ. ದೊಡ್ಡದು ಸುಮಾರು 120 ಮೀಟರ್, ಇನ್ನೊಂದು 90. ಅಲ್ಲಿಗೆ ನಮ್ಮ ನೆರೆಹೊರೆಯವರು ಭಕ್ತಿಯಿಂದ ಹೋಗ್ತಾರೆ. ಅದನ್ನು ಯಾರೂ ಹಗುರವಾಗಿ ಮಾತಾಡಬೇಡಿ, ನಮಗೆ ಅಂಥ ಬಾಯಿ ಬೇಡ. ನಾನು ಹೇಳೋದು ಆ ಕಲ್ಲಿನ ವಿಷಯ. ಸುಣ್ಣಕಲ್ಲನ್ನ ಮಳೆನೀರು ತಿನ್ನುತ್ತೆ, ಒಂದೊಂದು ಹನಿಯಾಗಿ, ಯುಗಗಟ್ಟಲೆ. ಅಷ್ಟು ಗಟ್ಟಿಯಾಗಿ ಕಾಣೋ ಶಿಖರ ಕರಗಿ ಉಳಿದ ಕಲ್ಲು.

ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ ಸಿಗುತ್ತೆ. ಅಲ್ಲಿ ಬಡಗಿ ಅಳತೆ ಹಾಕಿ ಕೊರೆದು ಜೋಡಿಸಿದ ಹಾಗೆ ಕಲ್ಲಿನ ಕಂಬಗಳು ನಿಂತಿವೆ. ಬೆಂಕಿಯಾಗಿ ಹರಿದ ಲಾವಾ ತಣ್ಣಗಾಗುವಾಗ ಕುಗ್ಗಿ, ಕೆರೆ ಅಂಗಳದ ಕೆಸರು ಬೇಸಿಗೆಯಲ್ಲಿ ಬಿರಿಯೋ ಹಾಗೆ ಬಿರಿದು ಆದದ್ದು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಅನ್ನೋ ಕಡೆ ಇಂಥವೇ ಸುಮಾರು 40,000 ಕಂಬ ಇವೆ. ಮಲ್ಪೆಯ ಕಂಬಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದನ್ನೊಂದು ಬಿಟ್ಟು ಸರಿದ ಕಾಲದವು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಅಂದರೆ ಒಂದೇ ನೆಲವಾಗಿದ್ದದ್ದು ಎರಡಾಗಿ, ನಡುವೆ ಸಮುದ್ರ ಬಂತು.

ಇನ್ನೂ ಹತ್ತಿರ ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಕಲ್ಲು ಇದೆ, ಸರ್ಕಾರ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡ್ತಿದೆ. ಲಾವಾ ಹಾಗೆ ದಿಂಬು ದಿಂಬಾಗೋದು ನೀರಿನ ಅಡಿಯಲ್ಲಿ ಉಕ್ಕಿದಾಗ. ಚಿತ್ರದುರ್ಗದಲ್ಲಿ, ಪ್ರಿಯರೇ! ಕುಡಿಯೋ ನೀರಿಗೆ ಬೋರ್‌ವೆಲ್ ಕೊರೆಸಿ ಕೊರೆಸಿ ಸಾಕಾದ ಸೀಮೆಯಲ್ಲಿ. ಇನ್ನು ಜಗತ್ತಿನಲ್ಲೇ ಎತ್ತರವಾದ ಎವರೆಸ್ಟ್, 8,848.86 ಮೀಟರ್. ಅದರ ತುದಿಯಲ್ಲಿರೋದು ಸಮುದ್ರದ ತಳದಲ್ಲಿ ಆದ ಸುಣ್ಣಕಲ್ಲು, ಒಳಗೆ ಕಡಲಜೀವಿಗಳ ಪಳೆಯುಳಿಕೆ. ತಳ ತುದಿಯಾಗಿದೆ.

ಬೆಟ್ಟ ಕದಲುತ್ತೆ. ಯೆಶಾಯ ಮಾತಿಗೆ ಹೇಳಿದ್ದಲ್ಲ.

ಇಷ್ಟು ಕೇಳಿದ ಕೂಡಲೇ "ನೋಡಿ, ವಿಜ್ಞಾನಕ್ಕಿಂತ ಮೊದಲೇ ಬೈಬಲ್ ಎಲ್ಲ ಹೇಳಿಬಿಟ್ಟಿದೆ" ಅಂತ ವಾಟ್ಸಾಪಿನಲ್ಲಿ ಹಾಕಬೇಡಿ. ಪ್ರವಾದಿ ಭೂಗೋಳದ ಪಾಠ ಮಾಡೋಕೆ ಬಂದವನಲ್ಲ. ಹಾಗೇ ಕಾಲೇಜಿಗೆ ಹೋಗೋ ಮಕ್ಕಳು "ಪಾಸ್ಟರ್, ಕೋಟಿ ವರ್ಷ ಅಂತಾರಲ್ಲ, ನಂಬಿದರೆ ಪಾಪಾನಾ?" ಅಂತ ಕೇಳ್ತಾರೆ. ಮಗಾ, 90ನೇ ಕೀರ್ತನೆ ಓದು. ಬೆಟ್ಟಗಳು ಹುಟ್ಟೋದಕ್ಕೆ ಮೊದಲೇ ಆತನು ದೇವರು ಅಂತ ಮೋಶೆ ಪ್ರಾರ್ಥನೆ ಶುರು ಮಾಡ್ತಾನೆ. ನೀನು ಎಷ್ಟು ಸೊನ್ನೆ ಬೇಕಾದರೂ ಹಾಕು, ಆತನು ಅದಕ್ಕಿಂತ ಹಿಂದೆ ಇದ್ದಾನೆ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆ, ಭಾನುವಾರ ಸಭೆಗೆ ಬಾ.

ಈಗ ಕಷ್ಟದ ಮಾತಿಗೆ ಬರ್ತೀನಿ. ನಮ್ಮ ಸಭೆಯಲ್ಲಿ ಒಬ್ಬ ಸಹೋದರಿ ಇದ್ದಾರೆ, ಅವರನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ. ಅವರ ಯಜಮಾನರು ಲಾರಿ ಓಡಿಸ್ತಾರೆ. ಶಿಕಾರಿಪುರದಿಂದ ಮೆಕ್ಕೆಜೋಳದ ಲೋಡ್ ಹಾಕಿಕೊಂಡು ಘಾಟಿ ಇಳೀತಾರೆ. 2024ರ ಜುಲೈ 16ರಂದು ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಹೆದ್ದಾರಿ ಮೇಲೆ? ದಾರಿಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿ, ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ನೂಕಿತು. ಒಂದು ಲಾರಿಯನ್ನು, ಒಳಗಿದ್ದ ಚಾಲಕನ ದೇಹದ ಜೊತೆ ನೀರಿನಿಂದ ಎತ್ತೋ ಹೊತ್ತಿಗೆ ಎರಡು ತಿಂಗಳು ದಾಟಿತ್ತು. ಅದೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಮಲಗಿದ್ದ ಊರುಗಳ ಮೇಲೇ ಬೆಟ್ಟ ಬಂತು. 200ಕ್ಕೂ ಹೆಚ್ಚು ಜನ ಹೋದರು. ಆ ಸಹೋದರಿ ಅವತ್ತಿಂದ ಇವತ್ತಿನವರೆಗೆ, ಯಜಮಾನರು ಘಾಟಿಯಲ್ಲಿ ಇದ್ದಾರೆ ಅಂದರೆ ನಿದ್ದೆ ಮಾಡೋದಿಲ್ಲ. ನನ್ನ ಹತ್ತಿರ ಬಂದು ಕೇಳಿದರು: "ಪಾಸ್ಟರ್, ಬೆಟ್ಟ ಕದಲಿದರೂ ನನ್ನ ಕೃಪೆ ಕದಲೋದಿಲ್ಲ ಅಂತ ದೇವರು ಹೇಳಿದ್ದಾನೆ. ಬೆಟ್ಟ ಕದಲಿದಾಗ ಕೆಳಗೆ ಇದ್ದವರಿಗೆ ಆ ಕೃಪೆ ಎಲ್ಲಿತ್ತು?"

ಈ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡೋ ಬೋಧಕರನ್ನು ನಾನು ಕೇಳಿದ್ದೀನಿ. "ಅದು ದೇವರ ನ್ಯಾಯತೀರ್ಪು, ಆ ಜನರ ಪಾಪ" ಅಂತ. ಪ್ರಿಯರೇ, ಆ ಮಾತು ನಮ್ಮ ಸಭೆಯಲ್ಲಿ ಬೇಡ. ಲೂಕ 13 ತೆಗೆಯಿರಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸು ತಾನೇ ಕೇಳಿ, ತಾನೇ ಅಲ್ಲ ಅಂತಾನೆ. ಆಮೇಲೆ ಸತ್ತವರ ಕಡೆಯಿಂದ ತಿರುಗಿ, ಬದುಕಿ ನಿಂತು ಕೇಳ್ತಿರೋವರಿಗೆ ಮಾನಸಾಂತರದ ಮಾತು ಹೇಳ್ತಾನೆ. ಮಣ್ಣಿನಡಿ ಹೋದವರ ಲೆಕ್ಕ ಬರೆಯೋ ಕೆಲಸ ನಮಗೆ ಕೊಟ್ಟಿಲ್ಲ.

ಇನ್ನು ಕೆಲವರು ಇನ್ನೊಂದು ಕಡೆಗೆ ಹೋಗ್ತಾರೆ. "ನೀನು ವಿಶ್ವಾಸಿ, ಬಾಯಲ್ಲಿ ಅರಿಕೆ ಮಾಡು, ನಿನ್ನ ಯಜಮಾನನ ಲಾರಿ ಮೇಲೆ ಒಂದು ಕಲ್ಲೂ ಬೀಳಲ್ಲ." ನಾನೂ ಆತನ ರಕ್ಷಣೆಗಾಗಿ ಪ್ರಾರ್ಥಿಸ್ತೀನಿ, ದಿನಾ. ಆತನು ಎಷ್ಟೋ ಸಲ ತಪ್ಪಿಸಿದ್ದಾನೆ, ಇಲ್ಲೇ ಸಾಕ್ಷಿ ಹೇಳಿದವರು ಕೂತಿದ್ದೀರಿ. ಆದರೆ ಈ ವಚನದಲ್ಲಿ ಬೆಟ್ಟ ಕದಲೋದಿಲ್ಲ ಅಂತ ವಾಗ್ದಾನ ಇಲ್ಲ. ಇಲ್ಲದ್ದನ್ನ ನಾನು ಆ ತಾಯಿಗೆ ಕೊಟ್ಟರೆ, ನಾಳೆ ಏನಾದರೂ ಆದಾಗ ಆಕೆ ಯಜಮಾನನ್ನೂ ಕಳಕೊಂಡು ದೇವರನ್ನೂ ಕಳಕೊಳ್ತಾಳೆ. ಆ ಪಾಪ ನನಗೆ ಬೇಡ.

ಹಾಗಾದರೆ ಏನಿದೆ? 54ನೇ ಅಧ್ಯಾಯವನ್ನು ಪೂರ್ತಿ ನೋಡಿ. ದೇವರು ಇಲ್ಲಿ ಯಾರ ಜೊತೆ ಮಾತಾಡ್ತಿದ್ದಾನೆ? ಒಬ್ಬ ಹೆಂಗಸಿನ ಜೊತೆ ಮಾತಾಡೋ ಹಾಗೆ ಮಾತಾಡ್ತಿದ್ದಾನೆ. ಯೆರೂಸಲೇಮ್ ಪಟ್ಟಣ ಹಾಳಾಗಿದೆ, ಜನ ಸೆರೆಗೆ ಹೋಗಿದ್ದಾರೆ. ಮಕ್ಕಳಿಲ್ಲದವಳು, ಕೈಬಿಟ್ಟ ಹೆಂಡತಿಯ ಹಾಗೆ ಮನಸ್ಸು ನೊಂದವಳು. ಹನ್ನೊಂದನೇ ವಚನದಲ್ಲಿ ಬಿರುಗಾಳಿಗೆ ಸಿಕ್ಕಿದವಳು, ಸಮಾಧಾನ ಹೇಳೋರು ಯಾರೂ ಇಲ್ಲದವಳು ಅಂತ ಕರೀತಾನೆ. ಬೆಟ್ಟ ಆಗಲೇ ಕುಸಿದಿದೆ, ಪ್ರಿಯರೇ. ಆಕೆ ಮಣ್ಣಿನ ರಾಶಿಯ ಮೇಲೆ ಕೂತಿದ್ದಾಳೆ. ಈ ವಾಗ್ದಾನ ಬಂದದ್ದು ಅಲ್ಲಿಗೆ.

ಹೀಬ್ರೂ ಭಾಷೆಯಲ್ಲಿ ಈ ವಚನ ಬಹಳ ಚೆನ್ನಾಗಿದೆ. ಬೆಟ್ಟಕ್ಕೆ ಒಂದು ಕ್ರಿಯಾಪದ, 'ಮೂಷ್', ಅಂದರೆ ಜಾಗ ಬಿಟ್ಟು ಹೋಗೋದು. ಗುಡ್ಡಕ್ಕೆ ಇನ್ನೊಂದು, 'ಮೋಟ್', ಅಲುಗಿ ಜಾರೋದು. ಆಮೇಲೆ ಅದೇ ಎರಡು ಪದವನ್ನು ತಿರುಗಿ ತಗೊಂಡು ಪಕ್ಕದಲ್ಲಿ 'ಇಲ್ಲ' ಇಡ್ತಾನೆ. ನನ್ನ ಕೃಪೆ ಜಾಗ ಬಿಡೋದಿಲ್ಲ, ನನ್ನ ಸಮಾಧಾನದ ಒಡಂಬಡಿಕೆ ಜಾರೋದಿಲ್ಲ. ಬೆಟ್ಟ ಏನೇನು ಮಾಡುತ್ತೋ ಅದನ್ನ ನಾನು ಮಾಡೋದಿಲ್ಲ ಅಂದ ಹಾಗೆ. ಅದೇ 'ಮೋಟ್' 121ನೇ ಕೀರ್ತನೆಯಲ್ಲೂ ಇದೆ. ಯಾತ್ರಿಕ ಬೆಟ್ಟಗಳನ್ನು ನೋಡ್ತಾನೆ. ದಾರಿ ಕಡಿದು, ಕಳ್ಳರ ಭಯ. ನನಗೆ ಸಹಾಯ ಎಲ್ಲಿಂದ ಅಂತ ಕೇಳ್ತಾನೆ. ಬೆಟ್ಟದಿಂದ ಅಂತ ಉತ್ತರ ಬರಲಿಲ್ಲ, ಬೆಟ್ಟ ಮಾಡಿದಾತನಿಂದ ಬಂತು. ಆತನು ನಿನ್ನ ಕಾಲನ್ನು 'ಮೋಟ್' ಆಗೋಕೆ ಬಿಡೋದಿಲ್ಲ, ಆತನಿಗೆ ತೂಕಡಿಕೆ ಇಲ್ಲ. ತಂಗೀ, ರಾತ್ರಿ ಎರಡು ಗಂಟೆಗೆ ನೀನು ಫೋನ್ ಹಿಡಿದು ಕೂತಿರುವಾಗ ಎಚ್ಚರ ಇರೋದು ನೀನೊಬ್ಬಳೇ ಅಲ್ಲ. ಸ್ತೋತ್ರ ಹೇಳಿ!

ರೋಮಾಪುರದವರಿಗೆ ಬರೆಯುವಾಗ ಪೌಲ ಎಂಟನೇ ಅಧ್ಯಾಯದ ಕೊನೆಯಲ್ಲಿ ಒಂದು ಪಟ್ಟಿ ಕೊಡ್ತಾನೆ. ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಬೇರೆ ಮಾಡಲಾರದ ಸಂಗತಿಗಳು. ಅದರಲ್ಲಿ ಮರಣ ಇದೆ. ಎತ್ತರ ಇದೆ, ಆಳ ಇದೆ. ಗುಡ್ಡದ ಎತ್ತರ, ನದಿಯ ಆಳ. ಆ ಸಹೋದರಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಯಜಮಾನರು ತಲುಪಬಹುದಾದ ಯಾವ ಆಳಕ್ಕೂ ಆತನ ಕೈ ಮೊದಲೇ ಇಳಿದಿದೆ. ನಮ್ಮ ಕರ್ತನೂ ಒಂದು ಬಂಡೆಯೊಳಗೆ, ಬಾಯಿಗೆ ಕಲ್ಲು ಮುಚ್ಚಿಸಿಕೊಂಡು ಮಲಗಿದ್ದವನು. ಮೂರನೇ ದಿನ ಆ ಕಲ್ಲು ಕದಲಿತು. ಹಲ್ಲೆಲೂಯಾ!

ಈಸೂರಿನವರಿಗೆ ಇದು ಗೊತ್ತಿರಬೇಕು. 1942ರಲ್ಲಿ ಈ ಊರು ಸ್ವತಂತ್ರ ಅಂತ ಸಾರಿದಾಗ, ಆಮೇಲೆ ಪೊಲೀಸರು ನುಗ್ಗಿದಾಗ, ಜನ ಎದ್ದುಬಿದ್ದು ಕಾಡಿಗೆ ಓಡಿದರು. ಕಾಡು ಸ್ವಲ್ಪ ದಿನ ಮರೆ ಕೊಟ್ಟಿತು. 1943ರ ಮಾರ್ಚಿಯಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಕಾಡಿಗೂ ಗುಡ್ಡಕ್ಕೂ ಅಷ್ಟೇ ಶಕ್ತಿ. ಅವುಗಳ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ, ಅವುಗಳ ಮೇಲೆ ಭಾರ ಹಾಕೋಕೂ ಆಗೋದಿಲ್ಲ.

ಇನ್ನೊಂದು ಮಾತು, ಇದನ್ನು ಆತ್ಮಿಕ ಅಲ್ಲ ಅಂತ ತಳ್ಳಬೇಡಿ. ಬುದ್ಧಿವಂತ ಅಪಾಯ ಕಂಡು ಅಡಗಿಕೊಳ್ತಾನೆ ಅಂತ ಜ್ಞಾನೋಕ್ತಿ 22ರಲ್ಲಿದೆ. ನಮ್ಮ ಸೀಮೆಯಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಅಡಿಗೆ ಎಷ್ಟೋ ಕಡೆ ನುಣ್ಣನೆ ಶೇಡಿ ಮಣ್ಣು. ಜಂಬಿಟ್ಟಿಗೆ ತೂತು ತೂತು, ಮಳೆನೀರನ್ನು ಒಳಗೆ ಬಿಡುತ್ತೆ. ಶೇಡಿ ನೀರು ಕುಡಿದು ಸೋಪಿನ ಹಾಗೆ ಆಗುತ್ತೆ. ಅಂಥ ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕಡಿದರೆ, ಮೇಲಿನದನ್ನ ತಡೆಯೋಕೆ ಏನೂ ಉಳಿಯಲ್ಲ. ಮನೆ ಹಿಂದೆ ಧರೆ ಇರೋವರು ಕೇಳಿ. ನೆಲದಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಮರ ಅಥವಾ ಕರೆಂಟ್ ಕಂಬ ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಗಾದರೆ, ಪ್ರಾರ್ಥನೆ ಮುಗಿಸಿ ಹೋಗೋಣ ಅಂತ ಕೂರಬೇಡಿ. ಮಕ್ಕಳನ್ನು ಎತ್ತಿಕೊಂಡು ಹೊರಡಿ, ದಾರಿಯಲ್ಲಿ ಪ್ರಾರ್ಥನೆ ಮಾಡಿ. ಸಭೆಯ ಬಾಗಿಲು ರಾತ್ರಿಯೂ ತೆಗೆದಿರುತ್ತೆ, ಚಾಪೆ ಇದೆ. ಲಾರಿ ಓಡಿಸೋ ಅಣ್ಣಂದಿರು ಜೋರು ಮಳೆಯಲ್ಲಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಮಲಗಬೇಡಿ. ಲೋಡ್ ಒಂದು ದಿನ ತಡವಾಗಿ ಹೋಗಲಿ, ಮಾಲೀಕ ಬೈದರೆ ಬೈಯಲಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಇವತ್ತು ಯಾರ ಮನೆಯವರು ಘಾಟಿಯಲ್ಲಿ, ಹೆದ್ದಾರಿಯಲ್ಲಿ ಇದ್ದಾರೋ ಅವರು ಕೈ ಎತ್ತಿ. ಪಕ್ಕದಲ್ಲಿರೋವರು ಅವರ ಹೆಗಲ ಮೇಲೆ ಕೈ ಇಡಿ. ಹೆಸರು ಕೇಳಿಕೊಂಡು ಹೆಸರು ಹೇಳಿಯೇ ಪ್ರಾರ್ಥಿಸಿ.

ಪ್ರೀತಿಯುಳ್ಳ ತಂದೆಯೇ, ಜೋಗದ ಬಂಡೆಯನ್ನು ಮಾಡಿದಾತನೇ, ನಿನಗೆ ಸ್ತೋತ್ರ. ಮಳೆಯಲ್ಲಿ ಗಾಡಿ ಓಡಿಸೋ ನಿನ್ನ ಮಕ್ಕಳು ನಿನ್ನ ಕಣ್ಣಿನಲ್ಲಿದ್ದಾರೆ. ಬ್ರೇಕನ್ನೂ ದಾರಿಯನ್ನೂ ಮೇಲಿನ ಮಣ್ಣನ್ನೂ ನೀನು ಹಿಡಿ ಕರ್ತನೇ. ಶಿರೂರಿನಲ್ಲಿ, ವಯನಾಡಿನಲ್ಲಿ ಇನ್ನೂ ಅಳ್ತಿರೋ ಮನೆಗಳಿಗೆ ನೀನೇ ಹೋಗು, ಸಮಾಧಾನ ಹೇಳೋರಿಲ್ಲದವರ ಹತ್ತಿರ ಕೂತುಕೋ. ನಿದ್ದೆ ಬಾರದ ನಮ್ಮ ತಂಗಿಗೆ ಈ ರಾತ್ರಿ ನಿದ್ದೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.